ಎದುರು ಮನೆಗೆ ಕೊಟ್ಟ ವಿನೆಗರ್

ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮಿರ್ಕಾಬಿನಿಂದ ಫರ್ವಾನಿಯಾದವರೆಗೆ ಬಸ್ಸಿನಲ್ಲಿ ಬಂದವಳು ನಾನೇ. ದಾರಿಯಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಎಲ್ಲರ ಇಕಾಮಾ, ಅಂದರೆ ವಾಸದ ಪರವಾನಗಿ, ನೋಡಿದರು. ನನ್ನ ಕಾರ್ಡು ನೋಡಿದ ಪೊಲೀಸಿನವನು ಡಬ್ಬಿಗೆ ಸುತ್ತಿದ್ದ ಕ್ರಿಸ್‌ಮಸ್ ಕಾಗದವನ್ನೂ ನೋಡಿ ನಕ್ಕು ಮುಂದೆ ಹೋದ. ನಾನೂ ನಕ್ಕೆ. ಒಳಗೇನಿದೆ ಎಂದು ಗೊತ್ತಿದ್ದಿದ್ದರೆ ನನ್ನ ಮುಖ ಹೇಗಿರುತ್ತಿತ್ತೋ.

ಯುದ್ಧ ಮುಗಿದು, ಓಡಿಹೋದವರೆಲ್ಲ ಮರಳಿ ಬಂದು, ಕುವೈತ್ ಮತ್ತೆ ತುಂಬಿಕೊಂಡಿದ್ದ ಕಾಲ ಅದು. ರಂಜಾನೂ ಕ್ರಿಸ್‌ಮಸ್ಸೂ ಒಂದೇ ತಿಂಗಳಲ್ಲಿ ಬಂದಿದ್ದ ವರ್ಷ. ನಾನು ಮಿರ್ಕಾಬಿನ ಒಂದು ಕಂಪೆನಿಯಲ್ಲಿ ಸೆಕ್ರೆಟರಿ. ನನ್ನ ಬಾಸ್ ಫ್ರಾನ್ಸಿನವರು, ಕಾಂಟ್ರ್ಯಾಕ್ಟ್ ಮುಗಿಸಿ ಹಬ್ಬಕ್ಕೆ ಮೊದಲೇ ಊರಿಗೆ ಹೊರಟಿದ್ದ ಇಂಜಿನಿಯರ್. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯವರಿಗೆ ಕೆಲವೊಮ್ಮೆ ಹಿಂದುಮುಂದಿನ ಯೋಚನೆ ಇರುವುದಿಲ್ಲ. ಉದ್ದನೆಯ ಕಟ್ಟೊಂದನ್ನು ನನ್ನ ಕೈಗಿಟ್ಟು, ಮನೆಗೆ ಹೋಗಿ ಗಂಡನ ಜೊತೆ ಬಿಚ್ಚಿ ಎಂದಿದ್ದರು. ಹೂದಾನಿ ಇರಬೇಕು ಎಂದುಕೊಂಡಿದ್ದೆ.

ಬಿಚ್ಚಿದಾಗ ಮರದ ಹೊಟ್ಟಿನ ಮಧ್ಯೆ ತೆಳು ಹಸಿರು ಬಾಟಲಿಯೊಂದು ಮಲಗಿತ್ತು. ಮೇಲಿನ ಚೀಟಿಯಲ್ಲಿ ಕಲ್ಲಿನ ಮನೆ, ಗೇಟು, ಗೇಟಿನ ಮುಂದೆ ನಾಯಿ. ಪೆನ್ಸಿಲಿನಲ್ಲಿ ಯಾರೋ ಮನೆಯವರೇ ಬರೆದಂಥ ಚಿತ್ರ. ಅದರ ಕೆಳಗೆ ಬಾಸಿನ ಮನೆತನದ ಹೆಸರು. ಅವರ ಕುಟುಂಬಕ್ಕೆ ದ್ರಾಕ್ಷಿ ತೋಟವಿದೆ ಎಂದು ಕೇಳಿದ್ದೆ, ತಂದೆಯೂ ಅಕ್ಕನೂ ನೋಡಿಕೊಳ್ಳುತ್ತಾರೆ ಎಂದೂ ಹೇಳಿದ್ದರು. ಆ ತೋಟದ ವೈನು, ಮದ್ಯವೇ ನಿಷಿದ್ಧವಾದ ಈ ದೇಶದೊಳಗೆ ಹೇಗೆ ನುಸುಳಿತು ಎಂದು ನಾನು ಆಮೇಲೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನನ್ನ ಗಂಡ ಅಲ್ಲೇ ಸೋಫಾದ ಮೇಲೆ ಕುಸಿದು ಕೂತರು. "ಇದನ್ನು ನೀನು ಬಸ್ಸಲ್ಲಿ ತಂದದ್ದಾ?"

ಅವರ ಹೆದರಿಕೆಗೆ ಕಾರಣವಿತ್ತು. ಅವರು ಸಬ್ಹಾನಿನ ಒಂದು ಫ್ಯಾಕ್ಟರಿಯ ಗೋದಾಮಿನಲ್ಲಿ ಸೂಪರ್‌ವೈಸರ್. ಅಲ್ಲಿನ ಕ್ಯಾಂಪಿನಲ್ಲಿ ಒಬ್ಬನ ಮಂಚದಡಿ ಮದ್ಯ ಸಿಕ್ಕಿ, ಅವನನ್ನು ಉಟ್ಟ ಬಟ್ಟೆಯಲ್ಲೇ ಜೈಲಿಗೂ ಅಲ್ಲಿಂದ ವಿಮಾನಕ್ಕೂ ಹತ್ತಿಸಿದ್ದನ್ನು ಕಣ್ಣಾರೆ ನೋಡಿದ್ದರು. ಬೆರಳಚ್ಚು ತೆಗೆದುಕೊಂಡರೆಂದರೆ ಮತ್ತೆ ಈ ದೇಶಕ್ಕೆ ಕಾಲಿಡುವ ಹಾಗಿಲ್ಲ. ಬಾಸಿನ ಹತ್ತಿರ ಸಿಕ್ಕಿದ್ದರೆ ಎಂಬಸ್ಸಿಯವರು ಬಂದು ಏನೋ ಒಂದು ಮಾಡುತ್ತಿದ್ದರು. ನಮ್ಮ ಹತ್ತಿರ ಸಿಕ್ಕರೆ ಇಬ್ಬರ ಕೆಲಸ, ಮಕ್ಕಳ ಶಾಲೆ, ಎಲ್ಲ ಖಲಾಸ್. "ಈಗಲೇ ಸಿಂಕಿಗೆ ಚೆಲ್ಲು" ಎಂದರು.

ಅಡ್ಡ ಬಂದವರು ನನ್ನ ಅತ್ತೆ. ಹಬ್ಬಕ್ಕೆಂದು ವಿಸಿಟ್ ವೀಸಾದಲ್ಲಿ ಮಂಗಳೂರಿನ ಕಡೆಯಿಂದ ಬಂದಿದ್ದರು. ನಮ್ಮ ಕ್ರಿಸ್ತುವರ ಮನೆಗಳಲ್ಲಿ ಕಪ್ಪು ದ್ರಾಕ್ಷಿ, ಸಕ್ಕರೆ, ಗೋಧಿ, ಲವಂಗ ಹಾಕಿ ಭರಣಿಯಲ್ಲಿ ವೈನು ಮಾಡುವುದು ಹಬ್ಬದ ಕೆಲಸ. ಅದನ್ನು ಯಾರೂ ಮದ್ಯ ಎಂದು ಕರೆಯುವುದಿಲ್ಲ. ನಾನೂ ಫ್ರಾಕು ಹಾಕುವ ವಯಸ್ಸಿನಲ್ಲೇ ಅದರ ಒಂದು ಚಮಚ ಕುಡಿದವಳು. "ಹಬ್ಬಕ್ಕೆ ಬಂದ ವೈನು ಚೆಲ್ಲಿದ್ರೆ ಒಳ್ಳೇದಾಗ್ತದಾ? ಒಂದು ಗುಟುಕು ಕುಡ್ದು ಮತ್ತೆ ಎಂತ ಬೇಕಾದ್ರೂ ಮಾಡಿ" ಎಂದರು ಅತ್ತೆ. ಅವರ ಮಗ ಅವರೆದುರು ಹುಲಿಯಲ್ಲ.

ಮಕ್ಕಳು ಇಗರ್ಜಿಯಲ್ಲಿ ಕ್ಯಾರಲ್ ಅಭ್ಯಾಸಕ್ಕೆ ಹೋಗಿದ್ದರು. ಪರದೆ ಎಳೆದೆವು, ಟೀವಿಯ ದನಿ ಏರಿಸಿದೆವು. ಬಿರಡೆ ತೆಗೆಯಲು ನಮ್ಮಲ್ಲಿ ಯಾವ ಉಪಕರಣವೂ ಇರಲಿಲ್ಲ. ಇದ್ದಿದ್ದರೆ ಅದೇ ಇನ್ನೊಂದು ಸಾಕ್ಷಿಯಾಗುತ್ತಿತ್ತು. ಗಂಡ ಸೌಟಿನ ಹಿಡಿಯಿಂದ ಬಿರಡೆಯನ್ನು ಒಳಕ್ಕೇ ದೂಡಿದರು. ವೈನು ಚಿಮ್ಮಿ ಗೋಡೆಗೂ ಅವರ ಬನಿಯನಿಗೂ ಹಾರಿತು. ನಾನು ಗೋಡೆಯನ್ನು ಡೆಟ್ಟಾಲು ಹಾಕಿ ಉಜ್ಜಿದೆ, ಬನಿಯನನ್ನು ಬಕೆಟಿಗೆ ಹಾಕಿದೆ. ಇಷ್ಟಾದ ಮೇಲೆ ಮೂವರೂ ಸ್ಟೀಲ್ ಲೋಟದಲ್ಲಿ ಒಂದೊಂದು ಗುಟುಕು ಹಾಕಿಕೊಂಡು ಬಾಯಿಗಿಟ್ಟೆವು.

ಹುಳಿ. ಮೊದಲು ಬಿಂಬುಳಿಯ ಹಾಗೆ ದವಡೆ ಹಿಡಿಯುವ ಹುಳಿ, ಆಮೇಲೆ ಹೊಳೆಯ ಕಲ್ಲನ್ನು ನೆಕ್ಕಿದ ಹಾಗೆ ಏನೋ ತಣ್ಣಗಿನ ರುಚಿ, ಕೊನೆಗೆ ದ್ರಾಕ್ಷಿ ಬೀಜ ಕಚ್ಚಿದ ಒಗರು. ಸಿಹಿ ಎಂಬುದು ಹೆಸರಿಗೂ ಇಲ್ಲ.

ಅತ್ತೆ ಮುಖ ಹಿಂಡಿದರು. "ಹಾಳಾಗಿದೆ ಮಗಾ. ದೂರದಿಂದ ಬಂದದ್ದಲ್ವಾ, ಹುಳಿ ಹಿಡಿದಿದೆ." ಅವರ ತರ್ಕ ಸರಳ. ಊರಲ್ಲಿ ಕಳ್ಳು ಹುಳಿ ಹಿಡಿದರೆ ಅದನ್ನು ಯಾರೂ ಚೆಲ್ಲುವುದಿಲ್ಲ, ಭರಣಿಗೆ ಹಾಕಿ ಕಟ್ಟಿಟ್ಟರೆ ವಿನೆಗರ್. ವೈನಿಗೂ ಅದೇ ಕಾನೂನು. "ಚೆಲ್ಲುದು ಎಂತಕ್ಕೆ? ಹಬ್ಬದ ಅಡಿಗೆಗೆ ಆಗ್ತದೆ" ಎಂದು ಖಾಲಿಯಾಗಿದ್ದ ವಿನೆಗರ್ ಬಾಟಲಿ ತೊಳೆದು ಅದರೊಳಗೆ ಸುರಿದರು.

ಗಂಡನ ಮುಖದಲ್ಲಿ ರಕ್ತ ಮರಳಿತು. ವಿನೆಗರ್ ಇಟ್ಟುಕೊಂಡವರನ್ನು ಯಾವ ದೇಶದ ಪೊಲೀಸರೂ ಹಿಡಿಯುವುದಿಲ್ಲ. ಹಸಿರು ಬಾಟಲಿಯ ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಕಿತ್ತು, ಬಾಟಲಿಗೆ ಹಳೆಯ ಪೇಪರು ಸುತ್ತಿ, ಮರುದಿನ ಕೆಲಸಕ್ಕೆ ಹೋಗುವಾಗ ಎಲ್ಲೋ ದೂರದ ಕಸದ ತೊಟ್ಟಿಗೆ ಹಾಕಿ ಬಂದರು. ಅಲ್ಲಿಗೆ ಮುಗಿಯಿತು ಎಂದು ಮೂವರೂ ಉಸಿರು ಬಿಟ್ಟೆವು. ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಆ ವಿನೆಗರ್ ಬಾಟಲಿ ಸಾಧುವಿನ ಹಾಗೆ ನಿಂತಿತ್ತು.

ಇನ್ನು ನಮ್ಮ ಎದುರು ಬಾಗಿಲಿನವಳ ಬಗ್ಗೆ ಹೇಳಬೇಕು. ಅವಳು ಬ್ಯಾರಿ, ನಮ್ಮೂರಿನಿಂದ ಹೊಳೆ ದಾಟಿದರೆ ಅವಳ ಊರು. ಅವಳ ಗಂಡ ಒಂದು ಕಂಪೆನಿಯ ಮಂದೂಬ್, ಅಂದರೆ ನೌಕರರ ಇಕಾಮಾ ಕಾಗದ ಹಿಡಿದು ದಿನವೂ ಸರಕಾರಿ ಕಚೇರಿ, ಪೊಲೀಸ್ ಠಾಣೆ ಸುತ್ತುವ ಕೆಲಸ. ಕಟ್ಟುನಿಟ್ಟಿನ ಮನುಷ್ಯ, ಸಿಗ್ನಲಿನಲ್ಲಿ ಯಾರೂ ಇಲ್ಲದಿದ್ದರೂ ನಿಲ್ಲುವ ಜಾತಿ. ಅವಳು ಮಾತ್ರ ನನ್ನ ಹಾಗೇ ಬಾಯಿಬಡುಕಿ. ನಮ್ಮಿಬ್ಬರ ಬಾಗಿಲುಗಳ ಮಧ್ಯೆ ಉಪ್ಪು, ಈರುಳ್ಳಿ, ತೆಂಗಿನತುರಿ ಓಡಾಡುತ್ತಲೇ ಇರುತ್ತಿತ್ತು. ರಂಜಾನಿನಲ್ಲಿ ಅವಳ ಮನೆಯಿಂದ ತಟ್ಟೆ ಬರುತ್ತಿತ್ತು. ಆ ತಟ್ಟೆಯನ್ನು ನಾನು ಒಮ್ಮೆಯೂ ಖಾಲಿ ಕಳಿಸಿದವಳಲ್ಲ. ನಮ್ಮ ಪಾತ್ರೆಯಲ್ಲಿ ಬೇಯುವುದೆಲ್ಲ ಹಲಾಲ್ ಎಂದು ಅವಳಿಗೆ ಗೊತ್ತಿತ್ತು, ಅವಳು ಒಂದು ದಿನವೂ ಕೇಳಿರಲಿಲ್ಲ.

ಬಾಸ್ ಹೊರಡುವ ದಿನ ಬಂತು. ರಂಜಾನ್ ಆದ್ದರಿಂದ ಆಫೀಸು ಬೇಗ ಮುಗಿದಿತ್ತು, ಆದರೆ ಅವರ ಪೆಟ್ಟಿಗೆ ಕಟ್ಟಲು ನಾನು ಉಳಿದೆ. ಎಲ್ಲ ಮುಗಿದ ಮೇಲೆ ಕೇಳಿದರು, "ಹೇಗಿತ್ತು?"

ಸುಳ್ಳು ಹೇಳುವುದು ನನಗೆ ಬರುವುದಿಲ್ಲ, ಅಲ್ಲದೆ ಅದನ್ನು ನನ್ನಿಂದ ಬಸ್ಸಿನಲ್ಲಿ ಹೊರಿಸಿದ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಹುಳಿಯಾಗಿತ್ತು ಸರ್. ಒಂದು ಚೂರೂ ಸಿಹಿಯಿರಲಿಲ್ಲ. ದಾರಿಯಲ್ಲಿ ಹಾಳಾಗಿರಬೇಕು" ಎಂದೆ.

ಅವರಿಗೆ ಬೇಸರವಾಗಲಿಲ್ಲ. ಗಟ್ಟಿಯಾಗಿ ನಕ್ಕು, ಪರ್ಸಿನಿಂದ ಒಂದು ಫೋಟೋ ತೆಗೆದರು. ಸುಣ್ಣದಂಥ ಬಿಳಿ ಕಲ್ಲು ತುಂಬಿದ ಇಳಿಜಾರು, ಸಾಲುಸಾಲು ದ್ರಾಕ್ಷಿ ಬಳ್ಳಿ, ಮಧ್ಯೆ ಟೊಪ್ಪಿ ಹಾಕಿದ ಮುದುಕ, ಪಕ್ಕದಲ್ಲಿ ಮೊಣಕೈವರೆಗೆ ಮಣ್ಣಾದ ಹೆಂಗಸು. ತಂದೆ, ಅಕ್ಕ. ಕೊಯ್ಲಿಗೆ ಅಣ್ಣತಮ್ಮಂದಿರ ಮಕ್ಕಳೆಲ್ಲ ಬಂದು ಕೈಯಲ್ಲೇ ಕೊಯ್ಯುತ್ತಾರಂತೆ. ಹಣ್ಣಿನ ಸಕ್ಕರೆ ಒಂದು ಹನಿಯೂ ಉಳಿಯದ ಹಾಗೆ ಹುದುಗಿಸುವುದೇ ಅವರ ಮನೆಯ ಹೆಗ್ಗಳಿಕೆಯಂತೆ. ಸಿಹಿ ಉಳಿದರೆ ಆ ಕಲ್ಲುನೆಲದ ರುಚಿ ಅದರಡಿ ಮುಚ್ಚಿಹೋಗುತ್ತದಂತೆ. "ಅದು ಹಾಳಾಗಿರಲಿಲ್ಲ. ನೀವು ಹೇಳಿದ ಹುಳಿಗಾಗಿಯೇ ನನ್ನ ತಂದೆ ಜೀವಮಾನವಿಡೀ ದುಡಿದದ್ದು. ಒಳ್ಳೆಯ ವೈನು ಅದು. ಉಳಿದದ್ದನ್ನು ಏನು ಮಾಡಿದಿರಿ?"

"ಜೋಪಾನವಾಗಿ ಇಟ್ಟಿದ್ದೇವೆ" ಎಂದೆ. ಹಾಗಾದರೆ ಉಪ್ಪಿನ ಡಬ್ಬಿಯ ಪಕ್ಕದಲ್ಲಿರುವುದು ವಿನೆಗರ್ ಅಲ್ಲ.

ಇಫ್ತಾರಿಗೆ ಮುಂಚಿನ ರಸ್ತೆಯನ್ನು ಕುವೈತಿನಲ್ಲಿದ್ದವರಿಗೆ ವಿವರಿಸಬೇಕಾಗಿಲ್ಲ. ಹಸಿದವರೆಲ್ಲ ಒಟ್ಟಿಗೆ ಮನೆಗೆ ಹೊರಟಿರುತ್ತಾರೆ. ಹಾರ್ನು, ಬೈಗುಳ, ಒಂದಕ್ಕೊಂದು ಮೂತಿ ತಾಗಿಸಿ ನಿಂತ ಕಾರುಗಳು. ನನ್ನ ಬಸ್ಸು ತೆವಳಿತು. ಮನೆ ಸೇರಿದ ಕೂಡಲೇ ಚೆಲ್ಲಬೇಕು, ಬಾಟಲಿ ತೊಳೆಯಬೇಕು, ಗಂಡನಿಗೆ ಹೇಳಬಾರದು, ಹೇಳಿದರೆ ಅವರಿಗೆ ನಿದ್ರೆ ಬರುವುದಿಲ್ಲ, ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಆಕಾಶ ಹಳದಿಯಾಗುತ್ತಿತ್ತು.

ಮನೆಯಲ್ಲಿ ಅತ್ತೆ ಹಬ್ಬದ ಸಿಹಿತಿಂಡಿ ನೆವ್ರಿ ಕರಿಯುತ್ತಿದ್ದರು. ನಾನು ಚಪ್ಪಲಿಯೂ ಬಿಡದೆ ಅಡಿಗೆಮನೆಗೆ ನುಗ್ಗಿ ಬಾಟಲಿ ಎತ್ತಿದೆ. ಹಗುರವಿತ್ತು.

"ಮಾಂಯ್, ಇದು ಯಾಕೆ ಕಮ್ಮಿಯಾಗಿದೆ?"

"ಎದುರಿನವಳು ಬಂದಿದ್ದಳಲ್ಲ, ಲೋಟ ಹಿಡ್ಕೊಂಡು. ಲಿಂಬೆ ಇಲ್ಲಂತೆ, ಗಂಡನ ದೋಸ್ತಿಗಳು ಬರ್ತಾರಂತೆ ಇಫ್ತಾರಿಗೆ. ಕೋಳಿಗೆ ಹಾಕ್ಲಿಕ್ಕೆ ಲೋಟ ತುಂಬ ಕೊಟ್ಟೆ. ಪಾಪ, ಉಪವಾಸದವಳು."

ನಾನು ಬಾಟಲಿ ಕೆಳಗಿಟ್ಟೆ. ಅಡಿಗೆಮನೆಯ ಕಿಟಕಿಯಿಂದ ಅವಳ ಅಡಿಗೆಮನೆಯ ಕಿಟಕಿ ಕಾಣುತ್ತಿತ್ತು. ಅಲ್ಲಿಂದ ಕರಿಯುವ ಸದ್ದು ಬರುತ್ತಿತ್ತು.

ಆಗ ನನಗೆ ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ. ಸುಮ್ಮನಿದ್ದುಬಿಟ್ಟರೆ ಏನಾಗುತ್ತದೆ? ಉಪವಾಸದಲ್ಲಿ ಅಡಿಗೆ ಮಾಡುವವಳು ರುಚಿ ನೋಡುವುದಿಲ್ಲ. ಮಸಾಲೆಯ ಖಾರದಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. ಹೇಳಿದರೆ, ಆ ಮಾತು ದಿನವೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಮನುಷ್ಯನ ಮನೆಯೊಳಗೆ ಹೋದ ಹಾಗೆ. ನನ್ನ ಗಂಡನ ಇಕಾಮಾವನ್ನು ನಾನೇ ಅವರ ಕೈಗಿಟ್ಟ ಹಾಗೆ. ಹೇಳದಿದ್ದರೆ, ದಿನವಿಡೀ ನೀರೂ ಮುಟ್ಟದೆ ಕೂತವಳು, ತನಗೆ ಯಾವುದು ಎಲ್ಲಕ್ಕಿಂತ ನಿಷಿದ್ಧವೋ ಅದರಿಂದಲೇ ಉಪವಾಸ ಬಿಡುತ್ತಾಳೆ, ಅದೂ ನನ್ನ ಮನೆಯ ಬಾಟಲಿಯಿಂದ. ಗೊತ್ತಿಲ್ಲದೆ ತಿಂದರೆ ಅವಳಿಗೆ ಪಾಪವಿಲ್ಲದಿರಬಹುದು. ನನಗೆ ಗೊತ್ತಿತ್ತಲ್ಲ.

ಅವಳ ಬಾಗಿಲು ರಂಜಾನಿನಲ್ಲಿ ಆ ಹೊತ್ತಿಗೆ ತೆರೆದೇ ಇರುತ್ತಿತ್ತು. ಮುಂದಿನ ಕೋಣೆಯಲ್ಲಿ ನೆಲಕ್ಕೆ ಸುಪ್ರ ಹಾಸಿ ಖರ್ಜೂರ, ನೀರು, ಹಣ್ಣು ಜೋಡಿಸಿದ್ದರು. ಅವಳ ಗಂಡನೂ ಇಬ್ಬರು ಅತಿಥಿಗಳೂ ಟೀವಿಯ ಎದುರು ಕೂತಿದ್ದರು. ಟೀವಿಯಲ್ಲಿ ಇಫ್ತಾರಿನ ಫಿರಂಗಿಯನ್ನು ತೋರಿಸುತ್ತಿದ್ದರು. ಯೂನಿಫಾರ್ಮು ಹಾಕಿದವರು ಅದರ ಪಕ್ಕ ಸೆಟೆದು ನಿಂತಿದ್ದರು. ಅದು ಹಾರಿದರೆ ಎಲ್ಲರೂ ಕೈ ನೀಡುತ್ತಾರೆ. ನಾನು ತಲೆ ತಗ್ಗಿಸಿ ನೇರ ಅಡಿಗೆಮನೆಗೆ ಹೋದೆ.

ಅವಳು ಬಾಣಲೆಯಿಂದ ಕೋಳಿಯ ತುಂಡುಗಳನ್ನು ತಟ್ಟೆಗೆ ತೆಗೆಯುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿಸಿದಳು. "ಬಂದ್ಯಾ? ನಿನ್ನ ಅತ್ತೆಯ ವಿನೆಗರ್ ಎಂತ ಪರಿಮಳ ಮಾರಾಯ್ತಿ! ಊರಿಂದ ತಂದದ್ದಾ? ನಿನಗೂ ಒಂದು ತಟ್ಟೆ ತೆಗ್ದಿಟ್ಟಿದ್ದೇನೆ."

"ಗ್ಯಾಸ್ ಬಂದ್ ಮಾಡು" ಎಂದೆ.

"ಎಂತ ಆಯ್ತು?"

"ಅದು ವಿನೆಗರ್ ಅಲ್ಲ." ನನ್ನ ದನಿ ನನಗೇ ಕೇಳಿಸಲಿಲ್ಲ. "ವೈನು. ನನ್ನ ಬಾಸ್ ಕೊಟ್ಟದ್ದು. ಹುಳಿಯಾಗಿತ್ತು, ಹಾಳಾಗಿದೆ ಅಂತ ಅತ್ತೆ ವಿನೆಗರ್ ಬಾಟಲಿಗೆ ಹಾಕಿದ್ರು. ಅವ್ರಿಗೆ ಗೊತ್ತಿಲ್ಲ. ನನಗೂ ಈಗಷ್ಟೇ ಗೊತ್ತಾದದ್ದು."

ಅವಳು ಸೌಟು ಹಿಡಿದ ಹಾಗೇ ನಿಂತಳು. ಆಮೇಲೆ ತೀರಾ ಸಣ್ಣ ದನಿಯಲ್ಲಿ ಕೇಳಿದಳು, "ಪೂರ್ತಿ ವಿನೆಗರ್ ಆಗಿದ್ರೆ ನಮಗೆ ತೊಂದ್ರೆ ಇಲ್ಲ. ಆಗಿರ್ಬಹುದಾ? ಸರಿಯಾಗಿ ಯೋಚ್ನೆ ಮಾಡಿ ಹೇಳು."

ಹೌದು ಎಂದುಬಿಟ್ಟರೆ ಅಲ್ಲಿಗೆ ಎಲ್ಲ ಸರಿಹೋಗುತ್ತಿತ್ತು. ಅವಳು ನನಗೆ ಬಾಗಿಲು ತೆರೆದಿಟ್ಟಿದ್ದಳು. "ಆಗಿಲ್ಲ. ಅದು ಒಳ್ಳೆಯ ವೈನು" ಎಂದೆ.

ಗ್ಯಾಸ್ ಆರಿತು. ಅವಳು ಕಸದ ಚೀಲವೊಂದನ್ನು ಕೊಡವಿ ಬಿಡಿಸಿ, ಅದರೊಳಗೆ ಇನ್ನೊಂದನ್ನು ಇಟ್ಟು, ತಟ್ಟೆಯಲ್ಲಿದ್ದ ತುಂಡು, ಮಸಾಲೆ ಹಚ್ಚಿಟ್ಟಿದ್ದ ತುಂಡು, ನನಗೆಂದು ತೆಗೆದಿಟ್ಟದ್ದು, ಎಲ್ಲವನ್ನೂ ಸುರಿದಳು. ಎಣ್ಣೆಯ ಬಾಣಲೆಯನ್ನು ಸಿಂಕಿನಲ್ಲಿಟ್ಟು ನಲ್ಲಿ ತಿರುಗಿಸಿದಳು, ಅದು ಚುರ್ರೆಂದಿತು. ಚೀಲದ ಬಾಯಿ ಕಟ್ಟಿ ನನ್ನ ಕೈಗೆ ಕೊಟ್ಟಳು. "ಇದನ್ನು ನೀನೇ ತಗೊಂಡು ಹೋಗಿ ಬಿಸಾಡು."

ಅಷ್ಟರಲ್ಲಿ ಅವಳ ಗಂಡ ಅಡಿಗೆಮನೆಯ ಬಾಗಿಲಿಗೆ ಬಂದರು. "ಯಲ್ಲಾ, ಟೈಮಾಯ್ತು. ಕೋಳಿ ಎಲ್ಲಿ?"

ನಾನು ಚೀಲವನ್ನು ಸೀರೆಯ ಮರೆಗೆ ಸರಿಸಿದೆ. ಇನ್ನು ಅವಳ ಬಾಯಿಂದ ಏನು ಬರುತ್ತದೋ ಅದರ ಮೇಲೆ ನನ್ನ ಸಂಸಾರ ನಿಂತಿತ್ತು. ಅವಳು ನನ್ನ ಕಡೆ ನೋಡಲಿಲ್ಲ.

"ಕರಟಿ ಹೋಯ್ತು" ಎಂದಳು. "ಇವಳ ಹತ್ರ ಮಾತಾಡ್ತಾ ಮರ್ತುಬಿಟ್ಟೆ. ನನ್ನದೇ ತಪ್ಪು."

ಕರಟಿದ ವಾಸನೆ ಎಲ್ಲೂ ಇರಲಿಲ್ಲ. ಅವರು ಒಲೆ ನೋಡಿದರು, ಸಿಂಕಿನಲ್ಲಿ ಹೊಗೆಯಾಡುತ್ತಿದ್ದ ಬಾಣಲೆ ನೋಡಿದರು, ನನ್ನನ್ನು ನೋಡಿದರು. "ಅತಿಥಿಗಳು ಉಂಟಲ್ಲ" ಎಂದು ಮಾತ್ರ ಅಂದರು. ಆಮೇಲೆ "ಖಲಾಸ್, ಇದ್ದದ್ದು ತಾ" ಎಂದು ಅತಿಥಿಗಳ ಹತ್ತಿರ ಹೋದರು.

ಅವಳು ಪಕೋಡದ ತಟ್ಟೆ ಎತ್ತಿಕೊಂಡಳು. ಹೋಗುವಾಗ ಹೇಳಿದಳು, "ಉಪವಾಸದಲ್ಲಿ ನಾನು ಇವತ್ತಿನವರೆಗೆ ಸುಳ್ಳು ಹೇಳಿದವಳಲ್ಲ. ಅದಕ್ಕೆ ಉತ್ತರ ನಾನೇ ಕೊಡ್ತೇನೆ. ಈ ವಿಷಯ ನೀನು ಇನ್ನು ಯಾರ ಹತ್ರವೂ ಬಾಯಿ ಬಿಡ್ಬೇಡ. ಹೋಗು."

ಮೆಟ್ಟಿಲು ಇಳಿಯುವಾಗ ಫಿರಂಗಿ ಹಾರಿತು. ಪ್ರತಿ ಮಹಡಿಯ ಪ್ರತಿ ಬಾಗಿಲಿನ ಹಿಂದಿನ ಟೀವಿಯಿಂದಲೂ ಅದೇ ಸದ್ದು, ಹಿಂದೆಯೇ ಮಸೀದಿಯ ಬಾಂಗು. ಕಟ್ಟಡವಿಡೀ ಒಟ್ಟಿಗೆ ನೀರು ಕುಡಿಯುತ್ತಿತ್ತು. ನಾನು ಬೆಚ್ಚಗಿನ ಚೀಲವನ್ನು ಎದೆಗವಚಿಕೊಂಡು ಅಳುತ್ತಾ ಇಳಿದೆ. ಬೀದಿಯಲ್ಲಿ ಒಂದು ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ.

ಮೇಲೆ ಬಂದು ಬಾಟಲಿಯಲ್ಲಿ ಉಳಿದದ್ದನ್ನು ಸಿಂಕಿಗೆ ಚೆಲ್ಲಿದೆ. ಚೆಲ್ಲುವ ಮುಂಚೆ, ಯಾಕೋ, ಬೆರಳಿಗೆ ಹಚ್ಚಿ ನಾಲಗೆಗೆ ಇಟ್ಟುಕೊಂಡೆ. ಮೊದಲ ಸಲಕ್ಕಿಂತ ಚೆನ್ನಾಗಿತ್ತು. ಅದಕ್ಕೂ ನನಗೆ ಸಿಟ್ಟು ಬಂತು. ಅದು ಹಾಳಾಗದ ವೈನೇ ಎಂದು ತಿಳಿದು ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು "ನಾನು ಎಂತ ಮಾಡಿಬಿಟ್ಟೆ" ಎಂದು ಕೂತುಬಿಟ್ಟರು. ಡಬ್ಬಿ ತುಂಬ ನೆವ್ರಿ ಇತ್ತು. ಕೋಳಿಯಿಲ್ಲದ ಆ ಸುಪ್ರದ ಮೇಲೆ ಒಂದು ತಟ್ಟೆ ಇಟ್ಟು ಬರುವ ಧೈರ್ಯ ನನಗಿರಲಿಲ್ಲ.

ಎಷ್ಟೋ ದಿನ ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಅತ್ತೆಯೂ ನಾನೂ ಮಾತು ನಿಲ್ಲಿಸುತ್ತಿದ್ದೆವು. ಯಾರೂ ಬರಲಿಲ್ಲ. ಅವಳ ಗಂಡ ಸಿಕ್ಕಿದಾಗ ಎಂದಿನ ಹಾಗೆ ಸಲಾಂ ಹೇಳಿ ಹೋಗುತ್ತಿದ್ದರು. ಅವರಿಗೆ ಎಷ್ಟು ತಿಳಿದಿತ್ತೋ ನನಗೆ ಇಂದಿಗೂ ಗೊತ್ತಿಲ್ಲ.

ಅವಳೂ ಸಿಟ್ಟು ಮಾಡಲಿಲ್ಲ. ಈದಿಗೆ ತಟ್ಟೆ ಬಂತು. ಅದನ್ನು ಖಾಲಿ ಕಳಿಸುವುದು ಹೇಗೆ, ತುಂಬಿಸುವುದಾದರೆ ಏನು ತುಂಬಿಸುವುದು ಎಂದು ನಾನು ಕೈ ಹಿಸುಕಿಕೊಂಡು ನಿಂತೆ. ಕೊನೆಗೆ ಸಿಪ್ಪೆ ಸುಲಿಯದ ಕಿತ್ತಳೆ ಇಟ್ಟು ಕೊಟ್ಟೆ. ಅವಳು ಅವುಗಳನ್ನು ನೋಡಿ, ನನ್ನನ್ನು ನೋಡಿ, ತೆಗೆದುಕೊಂಡಳು. ಆದರೆ ಲೋಟ ಹಿಡಿದು ನನ್ನ ಬಾಗಿಲಿಗೆ ಬರುವುದನ್ನು ಬಿಟ್ಟಳು. ಉಪ್ಪು ಮುಗಿದರೆ ಕೆಳಗಿನ ದಿನಸಿ ಅಂಗಡಿ ಬಕಾಲಾಕ್ಕೆ ಹೋಗುತ್ತಿದ್ದಳು. ಬಿಸಿಲಲ್ಲಿ ಬುರ್ಖಾ ಹಾಕಿಕೊಂಡು, ಒಂದು ಉಪ್ಪಿನ ಪೊಟ್ಟಣಕ್ಕೆ. ಅವಳು ಮೆಟ್ಟಿಲಿಳಿಯುವ ಸದ್ದು ಕೇಳಿದಾಗಲೆಲ್ಲ ನನಗೆ ಜೈಲೇ ವಾಸಿಯಿತ್ತು ಅನ್ನಿಸುತ್ತಿತ್ತು.

ಮತ್ತೆ ರಂಜಾನ್ ಬಂತು. ಅತ್ತೆ ಊರಲ್ಲಿದ್ದರು. ಒಂದು ಸಂಜೆ ಕರೆಗಂಟೆಯ ಸದ್ದಾಯಿತು. ಬಾಗಿಲು ತೆರೆದರೆ ಅವಳು, ಕೈಯಲ್ಲಿ ಅವಳ ಹಳೆಯ ಲೋಟ.

"ವಿನೆಗರ್ ಉಂಟಾ?"

ಕಪಾಟಿನಲ್ಲಿ ಅಂಗಡಿಯಿಂದ ತಂದ, ಸೀಲು ಒಡೆಯದ ಬಾಟಲಿಯೊಂದಿತ್ತು. ಅದನ್ನು ತಂದು ಅವಳ ಮುಂದೆ ಹಿಡಿದೆ. "ಪೂರ್ತಿ ಇಟ್ಕೋ. ನೋಡು, ಸೀಲೂ ತೆಗೆದಿಲ್ಲ."

ಅವಳು ಕೈ ಚಾಚಲಿಲ್ಲ. ನನ್ನ ಹಿಂದೆ, ಒಲೆಯ ಪಕ್ಕದಲ್ಲಿ, ನಾನು ದಿನವೂ ಬಳಸುವ ಅರ್ಧ ಬಾಟಲಿಯನ್ನು ಕಣ್ಣಲ್ಲೇ ತೋರಿಸಿದಳು.

"ಸೀಲಿನದ್ದು ಬಕಾಲಾದಲ್ಲೂ ಸಿಗ್ತದೆ ಮಾರಾಯ್ತಿ. ನೀನು ಅಡಿಗೆಗೆ ಹಾಕುದು ಯಾವುದೋ ಅದ್ರಿಂದ ಕೊಡು. ಬೇಗ ಕೊಡು, ಒಲೆ ಮೇಲೆ ಕೋಳಿ ಇಟ್ಟು ಬಂದಿದ್ದೇನೆ."